ಎಣ್ಣೆ ಹಚ್ಚಿಕೊಂಡು ಹೋದ ತಲೆ

ಮೊದಲೇ ಹೇಳಿಬಿಡುತ್ತೇನೆ, ನಾನು ಹೊಟ್ಟೆಕಿಚ್ಚಿನ ಹೆಂಗಸು. ಕಾಯಿಲೆಯ ಬಗ್ಗೆ ಬರೆಯುವವರು ತಾವು ಎಷ್ಟು ಧೈರ್ಯವಾಗಿದ್ದೆವು, ಕಾಯಿಲೆ ತಮಗೆ ಏನೇನು ಕಲಿಸಿತು ಅಂತ ಬರೆಯುತ್ತಾರೆ. ನನಗೆ ನನ್ನ ಕಾಯಿಲೆ ಕಲಿಸಿದ್ದು ಅಷ್ಟರಲ್ಲೇ ಇದೆ. ತಲೆಯಲ್ಲಿ ಹುಳುಕಡ್ಡಿ ಎದ್ದ ಆ ಎಂಟು ತಿಂಗಳು ನಾನು ಶ್ರದ್ಧೆಯಿಂದ ಮಾಡಿದ ಕೆಲಸ ಅಂದರೆ ಕಂಡವರ ಕೂದಲು ನೋಡಿ ಉರಿದುಕೊಂಡದ್ದು. ಆ ಉರಿಯಲ್ಲೇ ಒಂದು ತಪ್ಪು ಮಾಡಿ, ಬೇಗ ಮುಗಿಯಬೇಕಾಗಿದ್ದನ್ನು ನಾನೇ ಎಳೆದುಕೊಂಡೆ. ಚರ್ಮದ ಡಾಕ್ಟರ ಬಾಗಿಲಲ್ಲಿ ತಲೆಗೆ ದುಪಟ್ಟಾ ಸುತ್ತಿಕೊಂಡು, ಪಕ್ಕದವರ ಜಡೆಯನ್ನು ಕದ್ದು ನೋಡುತ್ತಾ ಕೂತಿರುವ ಯಾರಾದರೂ ಇದನ್ನು ಓದಿದರೆ, ಸದ್ಯ, ನಾನೊಬ್ಬಳೇ ಅಲ್ಲವಲ್ಲ ಅಂದುಕೊಳ್ಳಲಿ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮೈಸೂರಿನ ಕುವೆಂಪುನಗರದ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಬಂದವರ ಮೂಗಿನ ಮೇಲೆ ಫ್ರೇಮ್ ಕೂರಿಸಿ, ಕಿವಿಯ ಹಿಂದೆ ಕಡ್ಡಿ ಒತ್ತುತ್ತದೆಯೇ ಅಂತ ಬೆರಳಿಟ್ಟು ನೋಡುವುದು ನನ್ನ ಕೆಲಸ. ಅಂಗಡಿಯ ಮೂರು ಗೋಡೆಗೂ ಕನ್ನಡಿ. ಒಂದು ದಿನ ಗಿರಾಕಿಯೊಬ್ಬರ ಹಿಂದೆ ನಿಂತು ಕನ್ನಡಿ ನೋಡುವಾಗ, ನನ್ನ ಎಡಗಿವಿಯ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಜಾಗ ಬೆಳ್ಳಗೆ ಕಂಡಿತು. ಮುಟ್ಟಿ ನೋಡಿದೆ. ಕೂದಲು ಬುಡದಲ್ಲೇ ಮುರಿದು ಕಪ್ಪು ಚುಕ್ಕೆಗಳಾಗಿ ನಿಂತಿತ್ತು, ಬೆರಳಿಗೆ ಹೊಟ್ಟು ಹತ್ತಿತು. ಆ ಗಿರಾಕಿಗೆ ಅರವತ್ತು ದಾಟಿರಬೇಕು. ತಲೆ ತುಂಬ ಕೂದಲು. 'ಈ ಫ್ರೇಮ್ ನನ್ನ ಮುಖಕ್ಕೆ ಒಪ್ಪುತ್ತೇನಮ್ಮ?' ಅಂತ ಕೇಳಿದರು. ಒಪ್ಪಲ್ಲ ಅಂದುಬಿಟ್ಟೆ. ನಿಜವಾಗಿ ತುಂಬಾ ಚೆನ್ನಾಗಿ ಒಪ್ಪುತ್ತಿತ್ತು.

ನಮ್ಮ ಮನೆಯ ಭಾನುವಾರದ ಪದ್ಧತಿಯನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮತ್ತೆ ಜಯಮ್ಮ ತಿ. ನರಸೀಪುರದ ಕಡೆಯವರು. ಭಾನುವಾರ ಬೆಳಿಗ್ಗೆ ತಿಂಡಿಗೂ ಮೊದಲು ಹಿತ್ತಲ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂರುತ್ತಾರೆ. ಪಕ್ಕದಲ್ಲಿ ಗರುಗದ ಸೊಪ್ಪು ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯ ಬಟ್ಟಲು. ನಾವು ಏಳುವ ಮೊದಲೇ ತಮ್ಮ ತಲೆಗೆ ಹಚ್ಚಿಕೊಂಡು, ಬಾಚಿ, ತುರುಬು ಕಟ್ಟಿಕೊಂಡಿರುತ್ತಾರೆ. ಆಮೇಲೆ ಅದೇ ಬಾಚಣಿಗೆ ಹಿಡಿದು 'ಬಾ ಸವಿತಾ' ಅಂತ ನನ್ನನ್ನು ಕರೆಯುತ್ತಾರೆ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗಲೇ ನನ್ನಮ್ಮ ತೀರಿಕೊಂಡಳು. ಮದುವೆಯಾಗಿ ಈ ಮನೆಗೆ ಬಂದ ಮೊದಲನೇ ಭಾನುವಾರ ಅತ್ತೆ ನನ್ನ ನೆತ್ತಿಯ ಮೇಲೆ ಎಣ್ಣೆ ಸುರಿದು ಅಂಗೈಯಲ್ಲಿ ತಟ್ಟಿದಾಗ ನಾನು ಅತ್ತುಬಿಟ್ಟಿದ್ದೆ. ಕಣ್ಣಿಗೆ ಎಣ್ಣೆ ಇಳಿಯಿತು ಅಂತ ಸುಳ್ಳು ಹೇಳಿದೆ. ಹದಿನಾಲ್ಕು ವರ್ಷದಿಂದ ಆ ಅರ್ಧ ಗಂಟೆ ನನ್ನದು. ಮಗಳು ವಸತಿ ಶಾಲೆಯಲ್ಲಿ ಓದುತ್ತಾಳೆ, ರಜಕ್ಕೆ ಬಂದರೂ ಅಜ್ಜಿಗೆ ತಲೆ ಕೊಡದೆ ತಪ್ಪಿಸಿಕೊಂಡು ಓಡುತ್ತಾಳೆ. ಹಾಗಾಗಿ ಪೈಪೋಟಿಯೇ ಇರಲಿಲ್ಲ.

ಮೂರು ವರ್ಷದ ಹಿಂದೆ ಮೈದುನನ ಮದುವೆಯಾಯಿತು. ವಾರಗಿತ್ತಿಯಾಗಿ ದೀಪಾ ಬಂದಳು. ಅವಳ ಜಡೆ ಸೊಂಟ ದಾಟಿ ಇನ್ನೂ ಒಂದು ಗೇಣು ಕೆಳಗೆ ಬರುತ್ತದೆ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ, ಹಾಗಾಗಿ ದಿನವಿಡೀ ಅತ್ತೆಯ ಜೊತೆ. ಸಾಯಂಕಾಲ ನಾನು ಸ್ಕೂಟರ್ ನಿಲ್ಲಿಸಿ ಒಳಗೆ ಬರುವ ಹೊತ್ತಿಗೆ ಇಬ್ಬರೂ ಯಾವುದೋ ಮಾತಿಗೆ ನಗುತ್ತಿರುತ್ತಾರೆ. ಏನು ಅಂತ ಕೇಳಿದರೆ 'ಏನಿಲ್ಲ ಅಕ್ಕ, ಸುಮ್ನೆ' ಅನ್ನುತ್ತಾಳೆ. ಭಾನುವಾರ ನನ್ನ ಸರದಿ ಮುಗಿದ ಮೇಲೆ ಅವಳದು. ಅದಕ್ಕೆ ತವರುಮನೆಯಿಂದ ತಂದ ಅಗಲ ಹಲ್ಲಿನ ಮರದ ಬಾಚಣಿಗೆಯೇ ಆಗಬೇಕು, ಬೇರೆಯದರಲ್ಲಿ ಬಾಚಿದರೆ ಅವಳ ಕೂದಲು ಸಿಕ್ಕಾಗುತ್ತದಂತೆ. ಎಷ್ಟು ಜಂಬ ನೋಡಿ! ಅತ್ತೆ ಅವಳ ಜಡೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, 'ಏನ್ ಕೂದ್ಲವ್ವ ನಿಂದು, ದೃಷ್ಟಿ ಆಯ್ತದೆ' ಅನ್ನುತ್ತಿದ್ದರು. ನನ್ನ ಕೂದಲಿಗೆ ಯಾವತ್ತೂ ದೃಷ್ಟಿಯ ಭಯ ಬಂದಿರಲಿಲ್ಲ.

ನನ್ನ ಗಂಡ ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸದಲ್ಲಿದ್ದಾರೆ. ಕಲೆ ತೋರಿಸಿದಾಗ ಟಾರ್ಚ್ ಹಿಡಿದು ನೋಡಿ, 'ಹೆಲ್ಮೆಟ್ ಕಣೇ. ಬೆವರಿಗೆ ಆಗಿರುತ್ತೆ' ಅಂದು, ಮಾರನೆಯ ದಿನವೇ ಹೊಸ ಹೆಲ್ಮೆಟ್ ತಂದುಕೊಟ್ಟರು. ದೀಪಾ, 'ಅಯ್ಯೋ ಅಕ್ಕ, ನೋವಾಗುತ್ತಾ?' ಅಂದಳು. ಅವಳ ದನಿಯಲ್ಲಿ ನಿಜವಾದ ಮರುಕ ಇತ್ತು. ಅದೇ ನನಗೆ ಸಹಿಸಲಾಗಲಿಲ್ಲ. ಮರುಕ ತೋರಿಸುವಾಗ ಆ ಜಡೆಯನ್ನಾದರೂ ಬೆನ್ನ ಹಿಂದೆ ಹಾಕಿಕೊಳ್ಳಬಾರದೇ? ಮುಂದೆ ಹಾಕಿಕೊಂಡು ಅದರ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದಳು.

ಅತ್ತೆ ಮಾತ್ರ ಹತ್ತಿರ ಬಂದು ನೋಡಿದರು, ಸೆರಗಿನಿಂದ ಬಾಯಿ ಒರೆಸಿಕೊಂಡು ಅಡುಗೆಮನೆಗೆ ಹೋದರು. ಅದರ ಮುಂದಿನ ಭಾನುವಾರ ಮಣೆ ಹಾಕಿಕೊಂಡು ಕೂತವರು ನನ್ನನ್ನು ಕರೆಯಲಿಲ್ಲ. 'ಗಾಯ ವಾಸಿ ಆಗ್ಲಿ ಬುಡವ್ವ' ಅಂದು ದೀಪಾಳನ್ನು ಕೂರಿಸಿಕೊಂಡರು.

ನಮ್ಮ ಡಾಕ್ಟರಮ್ಮನ ಕ್ಲಿನಿಕ್ ಇರುವುದು ಒಂದು ಬೇಕರಿಯ ಮಹಡಿಯ ಮೇಲೆ. ಕೆಳಗಿನಿಂದ ಬೆಣ್ಣೆ ಬಿಸ್ಕತ್ತಿನ ವಾಸನೆ ಬರುತ್ತಿರುತ್ತದೆ. ಚರ್ಮದ ಡಾಕ್ಟರ ಹತ್ತಿರ ಕಾಯುವವರಲ್ಲಿ ಒಂದು ಜಾತಿವ್ಯವಸ್ಥೆಯೇ ಇದೆ ಅಂತ ನನಗೆ ಅಲ್ಲಿ ಗೊತ್ತಾಯಿತು. ಮೊಡವೆಯವರು ಮೇಲು, ಬಂಗು ಅದರ ಕೆಳಗೆ, ಮೊಣಕೈ ಮೊಣಕಾಲಿನವರು ನಡುವೆ, ತಲೆಯವರು ಎಲ್ಲರಿಗಿಂತ ಕೆಳಗೆ. ಮೊಣಕೈಯಲ್ಲಿ ಕಜ್ಜಿ ಎದ್ದ ಕಾಲೇಜು ಹುಡುಗಿಯೊಬ್ಬಳು ಪಕ್ಕದಲ್ಲಿ ಕೂತು ಕಣ್ಣೀರು ಹಾಕುತ್ತಿದ್ದಳು. ಉದ್ದ ತೋಳಿನ ಚೂಡಿದಾರ್ ಹಾಕಿದರೆ ಮುಗಿಯಿತಲ್ಲ, ಇದಕ್ಕೆ ಅಳುತ್ತೀಯಲ್ಲೇ, ಪುಣ್ಯವಂತೆ, ಅಂದುಕೊಂಡೆ. ಬಾಯಲ್ಲಿ ಮಾತ್ರ 'ಅಳಬೇಡಮ್ಮ, ವಾಸಿ ಆಗುತ್ತೆ' ಅಂದೆ.

ಡಾಕ್ಟರಮ್ಮ ಭೂತಗನ್ನಡಿ ಹಿಡಿದು ನೋಡಿ, 'ಫಂಗಸ್ ಥರ ಇದೆ. ಆದರೆ ತಲೆಯದಕ್ಕೆ ಮುಲಾಮು ಸಾಲೋದಿಲ್ಲ, ತಿಂಗಳುಗಟ್ಟಲೆ ಮಾತ್ರೆ ತಗೋಬೇಕು. ಸುಮ್ಮನೆ ಅನುಮಾನದ ಮೇಲೆ ಕೊಡೋದು ಬೇಡ, ಲ್ಯಾಬಿನಲ್ಲಿ ಸ್ಯಾಂಪಲ್ ಕೊಟ್ಟು ಬನ್ನಿ' ಅಂದರು. ಲ್ಯಾಬಿನಿಂದ ಮುಂದಿನ ಸೋಮವಾರಕ್ಕೆ ಸಮಯ ಕೊಟ್ಟರು. ಫೋನಿನಲ್ಲಿ ಅಲ್ಲಿನ ಹೆಂಗಸು ಎರಡೆರಡು ಸಲ ಹೇಳಿದರು: 'ಅಲ್ಲೀವರೆಗೆ ತಲೆಗೆ ಎಣ್ಣೆ ಹಚ್ಚಬೇಡಿ ಮೇಡಂ. ಮುಲಾಮಂತೂ ಮುಟ್ಟಲೇಬೇಡಿ.' ನಾನೂ ಎರಡೆರಡು ಸಲ ಸರಿ ಅಂದೆ. ಮನೆಯವರಿಗೆಲ್ಲ ಹೇಳಿದೆ ಕೂಡ.

ಆಮೇಲೆ ಭಾನುವಾರ ಬಂತು. ನಾನು ಕಾಫಿ ಲೋಟ ಹಿಡಿದುಕೊಂಡು ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದೆ. ಹಿತ್ತಲಲ್ಲಿ ದೀಪಾ ಕಣ್ಣು ಮುಚ್ಚಿಕೊಂಡು ಅತ್ತೆಯ ಮೊಣಕಾಲಿಗೆ ತಲೆ ಒರಗಿಸಿದ್ದಳು. ಅತ್ತೆ ತಮ್ಮ ಮದುವೆಯಲ್ಲಿ ಬೀಗರು ಊಟಕ್ಕೆ ಕೂರದೆ ಮುನಿಸಿಕೊಂಡ ಕತೆ ಹೇಳುತ್ತಿದ್ದರು. ನನಗೆ ಹೇಳಿದ್ದ ಕತೆ ಅದು! ಆ ಕತೆ ಕೇಳಲು ನನಗೆ ನಾಲ್ಕು ವರ್ಷ ಬೇಕಾಗಿತ್ತು. ಸತತ ಎರಡನೇ ಭಾನುವಾರ, ನನ್ನ ಹೊತ್ತನ್ನೂ ಸೇರಿಸಿ ಅವಳೊಬ್ಬಳಿಗೇ ಒಂದು ಗಂಟೆ. ಲೋಟ ಕುಕ್ಕಿ ಹಿತ್ತಲಿಗೆ ಹೋದೆ.

'ಅತ್ತೆ, ನಂಗೂ ಹಚ್ಚಿ' ಅಂದೆ.

'ನಿಂಗೆ ನಾಳೆ ಲ್ಯಾಬು ಅಲ್ವೇನವ್ವ. ಎಣ್ಣೆ ಬ್ಯಾಡ ಅಂದವ್ರೆ ಅಂದ್ಯಲ್ಲ.'

'ಏನೂ ಆಗಲ್ಲ. ಬೆಳಿಗ್ಗೆ ತಲೆಗೆ ನೀರು ಹಾಕ್ಕೊಂಡು ಹೋಗ್ತೀನಿ.'

'ಬ್ಯಾಡ ಕಣಮ್ಮ, ಮಾತು ಕೇಳು.'

'ಅವಳಿಗಾದ್ರೆ ಹಚ್ತೀರಿ, ನಂಗಾದ್ರೆ ಬೇಡ. ನನ್ನ ತಲೆ ಮುಟ್ಟಕ್ಕೆ ಅಸಹ್ಯ ಅಂತ ಹೇಳ್ಬಿಡಿ ಅತ್ತೆ, ಸುಮ್ಮನೆ ಇದ್ದುಬಿಡ್ತೀನಿ.'

ದೀಪಾ ಎದ್ದು ನಿಂತಳು. ಅತ್ತೆ ನನ್ನ ಮುಖ ನೋಡಿದರು. ಎದ್ದು ಒಳಗೆ ಹೋಗಿ, ತಮ್ಮ ಟ್ರಂಕಿನಿಂದ ಒಂದು ಮುಲಾಮಿನ ಟ್ಯೂಬ್ ತಂದರು. ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿ ಕೆಳಗಿನಿಂದ ಸುರುಳಿ ಸುತ್ತಿತ್ತು. ಅದನ್ನು ಅಂಗೈಯ ಎಣ್ಣೆಗೆ ಹಿಂಡಿ, ಬೆರೆಸಿ, 'ಇದುನ್ನಾದ್ರೂ ಸೇರುಸ್ತೀನಿ, ತಡಿ' ಅಂದು ಕಲೆಯ ಮೇಲೆ ನಿಧಾನವಾಗಿ ತಿಕ್ಕಿದರು. ಅದು ಯಾವ ಮುಲಾಮು, ಅವರ ಟ್ರಂಕಿನಲ್ಲಿ ಯಾಕಿತ್ತು ಅಂತ ನಾನು ಕೇಳಲಿಲ್ಲ. ಕೇಳುವ ಸ್ಥಿತಿಯಲ್ಲಿರಲಿಲ್ಲ. ದೀಪಾ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ನಾನು ಅತ್ತೆಯ ಮೊಣಕಾಲಿಗೆ ತಲೆ ಒರಗಿಸಿ ಕಣ್ಣು ಮುಚ್ಚಿಕೊಂಡೆ. ಅಷ್ಟು ಸುಖವಾಗಿ ನಾನು ಯಾವ ತಪ್ಪನ್ನೂ ಮಾಡಿಲ್ಲ.

ಮಾರನೆಯ ದಿನ ಶಾಂಪೂ ಹಾಕಿ ತೊಳೆದುಕೊಂಡು ಹೋದೆ. ಲ್ಯಾಬಿನ ಆ ಹೆಂಗಸಿನ ಹೆಸರು ನಾಗರತ್ನ, ಐವತ್ತರ ಆಸುಪಾಸು, ಮಾತು ಚುರುಕು. ನನ್ನನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಕಲೆಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿದರು. ಹತ್ತಿಯನ್ನು ಒಂದು ಸಲ ಮೂಸಿ ನೋಡಿದ ಹಾಗಿತ್ತು.

'ಎಣ್ಣೆ ಏನಾದ್ರೂ?'

'ಇಲ್ಲ.'

'ಮುಲಾಮು?'

'ಇಲ್ಲವೇ ಇಲ್ಲ.'

ಅವರು ಮೊಂಡು ಅಲಗಿನಿಂದ ಕಲೆಯ ಅಂಚನ್ನು ಕೆರೆಯತೊಡಗಿದರು. ನೋವಾಗುವುದಿಲ್ಲ. ಆದರೆ ಆ ಸದ್ದು ತಲೆಬುರುಡೆಯ ಒಳಗಿನಿಂದ ಕೇಳುತ್ತದೆ, ಯಾರೋ ಸುಟ್ಟ ಬ್ರೆಡ್ ಕೆರೆದ ಹಾಗೆ. ಕೆರೆದ ಹೊಟ್ಟನ್ನು ಕಪ್ಪು ಕಾಗದದ ಮೇಲೆ ಉದುರಿಸಿಕೊಂಡರು. ಬಿಳಿ ಕಾಗದದ ಮೇಲಾದರೆ ಹೊಟ್ಟು ಕಾಣುವುದಿಲ್ಲವಂತೆ. ಆಮೇಲೆ ಚಿಮಟದಲ್ಲಿ ಮುರಿದ ಕೂದಲಿನ ಮೋಟುಗಳನ್ನು ಒಂದೊಂದಾಗಿ ಬುಡಸಮೇತ ಕಿತ್ತರು. 'ಉದ್ದ ಕೂದಲು ಕಿತ್ತರೆ ಪ್ರಯೋಜನ ಇಲ್ಲ ಮೇಡಂ, ಕಾಯಿಲೆ ಇರೋದು ಈ ಮೋಟುಗಳಲ್ಲೇ' ಅಂದರು. ನನ್ನ ಅಷ್ಟೂ ಅವಮಾನವನ್ನು ದೇವಸ್ಥಾನದ ಕುಂಕುಮದ ಪೊಟ್ಟಣದ ಹಾಗೆ ಮಡಿಸಿ, ಮೇಲೆ ನನ್ನ ಹೆಸರು ಬರೆದರು. ಹೊರಗೆ ಬಂದವಳು ಹೆಲ್ಮೆಟ್ ಹಾಕಿಕೊಳ್ಳುವುದನ್ನೂ ಮರೆತು ಸ್ಕೂಟರ್ ಹತ್ತಿದೆ. ಸುಳ್ಳು ಹೇಳಿದ್ದಕ್ಕಲ್ಲ. ಆ ಹೊತ್ತಿನಲ್ಲಿ ಮನೆಯಲ್ಲಿ ಅವರಿಬ್ಬರೇ ಇರುತ್ತಾರೆ ಅನ್ನುವುದು ನೆನಪಾಗಿತ್ತು.

ಎರಡು ದಿನಕ್ಕೆ ಮೊದಲನೇ ರಿಪೋರ್ಟ್ ಬಂತು. ಸೂಕ್ಷ್ಮದರ್ಶಕದಲ್ಲಿ ಏನೂ ಕಂಡಿಲ್ಲ. ನಾಲ್ಕು ವಾರ ಕಾದ ಮೇಲೆ ಎರಡನೆಯದು. ಸ್ಯಾಂಪಲ್ಲಿನಿಂದ ಫಂಗಸ್ ಬೆಳೆಯುತ್ತದೆಯೇ ಅಂತ ಲ್ಯಾಬಿನಲ್ಲಿ ಇಟ್ಟು ನೋಡಿದ್ದರಂತೆ, ಏನೂ ಬೆಳೆದಿಲ್ಲ. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ, 'ಹಾಗಾದ್ರೆ ಇದು ಫಂಗಸ್ ಅಲ್ಲದೇ ಇರಬಹುದು' ಅಂದು, ಕೂದಲುದುರುವ ಬೇರೊಂದು ಕಾಯಿಲೆಗೆ ಹಚ್ಚುವ ಲೋಷನ್ ಬರೆದುಕೊಟ್ಟರು. ಆಗ ಬಾಯಿ ಬಿಟ್ಟಿದ್ದರೆ ಆಗುತ್ತಿತ್ತು. ಬಿಡಲಿಲ್ಲ. ಹುಳುಕಡ್ಡಿ ಅಲ್ಲ ಅಂದರೆ ಅಂಟುಜಾಡ್ಯ ಅಲ್ಲ ಅಂತಾಯಿತು, ಅಂಟುಜಾಡ್ಯ ಅಲ್ಲ ಅಂದರೆ ಭಾನುವಾರ ಮತ್ತೆ ನನ್ನದಾಗುತ್ತದೆ ಅಂತ ಲೆಕ್ಕ ಹಾಕಿಕೊಂಡು ಸುಮ್ಮನೆ ಎದ್ದು ಬಂದೆ.

ಭಾನುವಾರ ನನ್ನದಾಗಲಿಲ್ಲ. ರಿಪೋರ್ಟ್ ತೋರಿಸಿದರೂ ಅತ್ತೆ, 'ಇರ್ಲಿ ಬುಡು, ಪೂರ್ತಿ ಹೋಗ್ಲಿ' ಅಂದುಬಿಟ್ಟರು. ಲೋಷನ್ ಹಚ್ಚಿದ ಹಾಗೆಲ್ಲ ಕಲೆ ಹರಡಿತು. ಆರು ವಾರದಲ್ಲಿ ಅಂಗೈಯಷ್ಟಾಯಿತು, ಹಿಂದೆ ಇನ್ನೆರಡು ಎದ್ದವು. ವರಮಹಾಲಕ್ಷ್ಮಿ ಹಬ್ಬದ ದಿನ ದೀಪಾ ಮಾರುದ್ದ ಮಲ್ಲಿಗೆಯನ್ನು ಜಡೆಗೆ ಇಳಿಬಿಟ್ಟುಕೊಂಡು ಓಡಾಡುತ್ತಿದ್ದಳು. ನಾನು ತಲೆಗೆ ಸೆರಗು ಹೊದ್ದು ಅರಿಸಿನ ಕುಂಕುಮ ಕೊಡುತ್ತಿದ್ದೆ. ಬಂದ ಹೆಂಗಸರು ಹೂವನ್ನು ಎಲ್ಲಿ ಮುಡಿಸಬೇಕು ಅಂತ ಗೊತ್ತಾಗದೆ ಕೈಗೆ ಕೊಟ್ಟು ಹೋದರು. ಅವಳ ಜಡೆಯನ್ನು ಹೊಲಿಗೆ ಕತ್ತರಿಯಲ್ಲಿ ಕತ್ತರಿಸಿದರೆ ಎಷ್ಟು ಸಲ ಕತ್ತರಿ ಆಡಿಸಬೇಕಾದೀತು ಅಂತ ನಾನು ಅಂದಾಜು ಮಾಡಿದ್ದು ಆ ದಿನವೇ. ಒಂದೇ ಸಲಕ್ಕೆ ತುಂಡಾಗುವಷ್ಟು ತೆಳ್ಳಗಿರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಅಂಗಡಿಯಲ್ಲಿ ಮಾಲೀಕರು, 'ಸ್ವಲ್ಪ ದಿನ ಒಳಗೆ ಲೆನ್ಸ್ ಜೋಡಿಸೋ ಕೆಲಸ ನೋಡ್ಕೊಳ್ಳಮ್ಮ' ಅಂದರು. ಒಳ್ಳೆಯ ಮಾತಿನಲ್ಲೇ ಹೇಳಿದರು. ಒಳಗಿನ ಕೋಣೆಯಲ್ಲಿ ಕನ್ನಡಿ ಇರಲಿಲ್ಲ. ಅದೊಂದು ಉಪಕಾರವೇ ಆಯಿತು.

ಕೊನೆಗೆ ಡಾಕ್ಟರಮ್ಮನ ಎದುರು ಕೂತಾಗ ಅವರು ಪೆನ್ ಕೆಳಗಿಟ್ಟು, 'ಸವಿತಾ, ನಿಜ ಹೇಳಿ. ಸ್ಯಾಂಪಲ್ ಕೊಡೋಕೆ ಮುಂಚೆ ಏನಾದರೂ ಹಚ್ಚಿದ್ರಾ?' ಅಂತ ಕೇಳಿದರು. ಅಳು ಬಂದುಬಿಟ್ಟಿತು. ಎಣ್ಣೆ, ಭಾನುವಾರ, ದೀಪಾ, ಅತ್ತೆಯ ಟ್ಯೂಬ್, ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

'ಎಣ್ಣೆಗಿಂತ ಆ ಮುಲಾಮು ಕೆಲಸ ಕೆಡಿಸಿದೆ' ಅಂದರು. 'ಅದು ಹುಳುಕಡ್ಡಿ ಮುಲಾಮೇ ಆಗಿದ್ರೆ ಮೇಲಿಂದ ಫಂಗಸ್ ಅಡಗಿ ಕೂತಿರುತ್ತೆ, ಕೆರೆದದ್ದರಲ್ಲಿ ಸಿಗಲಿಲ್ಲ. ನಾನು ಕೊಟ್ಟ ಲೋಷನ್ ಅದಕ್ಕೆ ಇನ್ನೂ ಬೆಳೆಯೋಕೆ ದಾರಿ ಮಾಡಿಕೊಡ್ತು. ಎಲ್ಲಾ ನಿಲ್ಲಿಸಿ. ಎರಡು ವಾರ ಬಿಟ್ಟು ಮತ್ತೆ ಸ್ಯಾಂಪಲ್ ಕೊಡಿ.' ಆಮೇಲೆ ಏನೋ ಯೋಚಿಸಿ ಕೇಳಿದರು: 'ಅಂದ ಹಾಗೆ, ನಿಮ್ಮ ಅತ್ತೆ ಹತ್ತಿರ ಆ ಮುಲಾಮು ಯಾಕಿತ್ತು?'

ಬೇಕರಿಯ ಮೆಟ್ಟಿಲು ಇಳಿಯುವಾಗ ನನಗೆ ಹೊಳೆಯಿತು. ಅತ್ತೆ ಎಣ್ಣೆ ಹಚ್ಚಿಕೊಳ್ಳುವುದನ್ನು ನಾವ್ಯಾರೂ ನೋಡಿಯೇ ಇರಲಿಲ್ಲ. ನಾವು ಏಳುವ ಹೊತ್ತಿಗೆ ಅವರ ತುರುಬು ಆಗಿರುತ್ತಿತ್ತು. ಬಾಚಣಿಗೆ ಮಾತ್ರ ಅವರ ತಲೆಯಿಂದ ನೇರ ನನ್ನ ತಲೆಗೆ ಬರುತ್ತಿತ್ತು.

ಎರಡನೇ ಸಲ ನಾಗರತ್ನ ಅವರ ಮುಂದೆ ಕೂತಾಗ, ಅವರು ಕೇಳುವ ಮೊದಲೇ ಹೇಳಿಬಿಟ್ಟೆ: 'ಹೋದ ಸಲ ಸುಳ್ಳು ಹೇಳಿದ್ದೆ.' ಅವರು ನಕ್ಕರು. 'ಗೊತ್ತಿತ್ತು ಮೇಡಂ. ಕೊಬ್ಬರಿ ಎಣ್ಣೆ ವಾಸನೆ ಎಲ್ಲಿ ಹೋಗುತ್ತೆ? ಬರೆದೂ ಇಟ್ಟಿದ್ದೆ. ಮೈಸೂರಿನ ಹೆಂಗಸರು ಬೋಳು ತಲೆಗಾದರೂ ಎಣ್ಣೆ ಹಚ್ಚಿಕೊಂಡೇ ಬರೋದು.' ಈ ಸಲ ಹೊಟ್ಟು ಧಾರಾಳವಾಗಿ ಉದುರಿತು. ಎರಡನೇ ದಿನವೇ ಫೋನ್ ಬಂತು, ಫಂಗಸ್ ಇದೆ ಅಂತ. ಇದೆ ಅಂದಾಗ ನನಗಾದ ಸಮಾಧಾನವನ್ನು ತಲೆಯವರು ಮಾತ್ರ ಬಲ್ಲರು. ಮಾತ್ರೆ ಶುರುವಾಯಿತು. ಮನೆಯಲ್ಲಿ ಇರುವವರೆಲ್ಲರೂ ಪರೀಕ್ಷೆ ಮಾಡಿಸಬೇಕು, ಯಾರಲ್ಲಾದರೂ ಉಳಿದರೆ ನಿಮಗೆ ಮತ್ತೆ ಬರುತ್ತೆ ಅಂದರು ಡಾಕ್ಟರಮ್ಮ.

ಕಲೆ ಕಾಣದವರಿಗೆ ಕೆರೆಯುವುದಿಲ್ಲ. ಮುಚ್ಚಿದ ಪ್ಯಾಕೆಟ್ಟಿನಿಂದ ಹೊಸ ಹಲ್ಲುಜ್ಜುವ ಬ್ರಷ್ ತೆಗೆದು ತಲೆಯಿಡೀ ತಿಕ್ಕಿ, ಅದನ್ನು ಜೆಲ್ಲಿಯಂಥದ್ದು ತುಂಬಿದ ತಟ್ಟೆಗೆ ಒತ್ತಿ ಇಡುತ್ತಾರೆ. ನನ್ನ ಗಂಡ, ಮೈದುನ, ದೀಪಾ ಮೂವರೂ ಕೊಟ್ಟು ಬಂದರು. ದೀಪಾಳ ತಲೆಗೆ ಎರಡು ಬ್ರಷ್ ಬೇಕಾಯಿತಂತೆ, ಅಷ್ಟು ಕೂದಲು. ಅವಳೇ ಬಂದು ಹೇಳಿದಳು. ಮಗಳನ್ನು ರಜಕ್ಕೆ ಬಂದಾಗ ಮಾಡಿಸಿದೆವು, ಅವಳಿಗೆ ಏನೂ ಇರಲಿಲ್ಲ.

ನಾಲ್ಕು ವಾರ ನಾನು ದೀಪಾಳ ರಿಪೋರ್ಟ್ ಕಾದೆ. ನನ್ನದಕ್ಕಿಂತ ಹೆಚ್ಚು ಕಾತರದಿಂದ ಕಾದೆ. ಅವಳಿಗೂ ಬಂದಿರಲಿ ಅಂತ ಕಾದೆ. ಬಹಳ ಏನಲ್ಲ, ಹಿಂದೆ ಒಂದು ಸಣ್ಣ ಕಲೆ, ಒಂದು ನಾಣ್ಯದಷ್ಟು ಸಾಕಾಗಿತ್ತು ನನಗೆ. ಮೂವರದ್ದೂ ಏನೂ ಇಲ್ಲ ಅಂತ ಬಂತು. ಆ ಅಗಲ ಹಲ್ಲಿನ ಜಂಬದ ಬಾಚಣಿಗೆ ಅವಳನ್ನು ಕಾಪಾಡಿತ್ತು. 'ಸದ್ಯ ಬಚಾವಾದೆ ಕಣೇ' ಅಂದೆ. ಅವಳು ಅದನ್ನು ಪ್ರೀತಿ ಅಂದುಕೊಂಡಳೋ ಏನೋ, ನನ್ನ ಕೈ ಹಿಡಿದುಕೊಂಡಳು.

ಅತ್ತೆ ಮಾತ್ರ ಲ್ಯಾಬಿಗೆ ಜಪ್ಪಯ್ಯ ಅಂದರೂ ಹೊರಡಲಿಲ್ಲ. 'ಮುದ್ಕಿ ತಲೆ, ನಂದೇನು ಪರೀಕ್ಷೆ' ಅಂದರು. ಒಂದು ದಿನ ಮಂಡಿನೋವು, ಇನ್ನೊಂದು ದಿನ ಅಮಾವಾಸ್ಯೆ. ಮಕ್ಕಳು ಹೇಳಿದರೂ ಇಲ್ಲ, ದೀಪಾ ಮುದ್ದು ಮಾಡಿ ಕರೆದರೂ ಇಲ್ಲ. ಕೊನೆಗೆ ಒಂದು ಸಂಜೆ ಅವರು ಬತ್ತಿ ಹೊಸೆಯುತ್ತಿದ್ದಾಗ ನಾನೇ ಎದುರಿಗೆ ಕೂತೆ.

'ಅತ್ತೆ, ನಾನು ಮಾತ್ರೆ ನುಂಗಿ ವಾಸಿ ಮಾಡ್ಕೋತೀನಿ. ನಿಮ್ಮಲ್ಲಿ ಇದ್ರೆ ನಂಗೆ ಮತ್ತೆ ಬರುತ್ತೆ. ಅಷ್ಟೇ ವಿಷಯ. ನಂಗೆ ಬಂದರೂ ಪರವಾಗಿಲ್ಲ ಅಂದ್ರೆ ಬರಬೇಡಿ.'

ಅವರ ಕೈ ನಿಂತಿತು. ಬತ್ತಿಯನ್ನು ತಟ್ಟೆಗೆ ಹಾಕಿ, 'ನಾಳೀಕೆ ಆಟೋಗೆ ಹೇಳು' ಅಂದರು.

ಅವರ ಜೊತೆ ನಾನು, ದೀಪಾ ಇಬ್ಬರೂ ಹೊರಟೆವು. ಅವಳು ಯಾಕೆ ಅಂತ ನನಗೆ ಅನ್ನಿಸಿತ್ತು, ಆದರೆ ಅವಳು ಆಗಲೇ ಚಪ್ಪಲಿ ಹಾಕಿಕೊಂಡಿದ್ದಳು. ಆಟೋದಲ್ಲಿ ಅತ್ತೆಯನ್ನು ನಡುವೆ ಕೂರಿಸಿಕೊಂಡೆವು. ಲ್ಯಾಬಿನ ಬಾಗಿಲಿಗೆ ನಾಗರತ್ನ ಬಂದು, 'ಜಯಮ್ಮ ಅನ್ನೋರು ಬನ್ನಿ. ಜೊತೆಗೆ ಒಬ್ರು ಬರಬಹುದು, ಕೂದಲು ಹಿಡ್ಕೊಳ್ಳೋಕೆ' ಅಂದರು. ನಾನು ಎದ್ದು ನಿಂತೆ. ಕೈಚೀಲವನ್ನು ದೀಪಾಳ ಮಡಿಲಿಗೆ ಹಾಕಿ, ದುಪಟ್ಟಾ ಸರಿಮಾಡಿಕೊಂಡೆ.

ಅತ್ತೆ ನನ್ನ ಕಡೆ ನೋಡಲೇ ಇಲ್ಲ. 'ದೀಪಾ ಬರ್ಲಿ' ಅಂದರು.

ಅವಳು ನನ್ನ ಚೀಲವನ್ನು ನನಗೇ ಕೊಟ್ಟು ಒಳಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು. ಆ ಬೆಂಚಿನ ಮೇಲೆ ಕೂತ ಇಪ್ಪತ್ತು ನಿಮಿಷವನ್ನು ಹೇಗೆ ಹೇಳಲಿ! ತಲೆ ಬೋಳಾದಾಗ ಇಷ್ಟು ನೊಂದಿರಲಿಲ್ಲ. ಕಾಯಿಲೆ ನನ್ನದು. ಕರೆತಂದವಳು ನಾನು. ಹದಿನಾಲ್ಕು ವರ್ಷ ಆ ಬಾಚಣಿಗೆಗೆ ತಲೆ ಕೊಟ್ಟವಳು ನಾನು. ಎಲ್ಲ ಬಿಟ್ಟು ಅವಳು ಬೇಕಾಯಿತೇ? ಎದ್ದು ಹೋಗಿಬಿಡೋಣ, ಆಟೋ ಹಿಡಿದು ಬರಲಿ ಇಬ್ಬರೂ ಅಂತ ಎರಡು ಸಲ ಎದ್ದೆ. ಎರಡು ಸಲವೂ ಮತ್ತೆ ಕೂತೆ.

ಬಾಗಿಲು ತೆರೆದಾಗ ಅತ್ತೆಯ ತುರುಬು ಮೊದಲಿನ ಹಾಗೇ ಬಿಗಿಯಾಗಿತ್ತು. ದೀಪಾಳ ಕಣ್ಣು ಕೆಂಪಾಗಿತ್ತು. ಹಿಂದೆಯೇ ಬಂದ ನಾಗರತ್ನ ನನಗೆ ಮಾತ್ರ ಕೇಳುವ ಹಾಗೆ, 'ಇವರಿಗೆ ಬ್ರಷ್ ಬೇಕಾಗಲಿಲ್ಲ ಮೇಡಂ, ಕೆರೆದೇ ತಗೊಂಡೆ' ಅಂದರು. ಅವರ ಕೈಯಲ್ಲಿ ಮಡಿಸಿದ ಕಪ್ಪು ಕಾಗದ ಇತ್ತು.

ವಾಪಸು ಬರುವಾಗ ಸಿಗ್ನಲ್ಲಿನಲ್ಲಿ ಆಟೋ ನಿಂತಿತು. ದೀಪಾ ಔಷಧಿ ಅಂಗಡಿಗೆ ಅಂತ ಇಳಿದಳು. ಅವಳು ರಸ್ತೆ ದಾಟುವುದನ್ನು ನೋಡುತ್ತಾ ಅತ್ತೆ ಬಾಯಿ ಬಿಟ್ಟರು.

'ವರ್ಸದ ಮ್ಯಾಲಾಯ್ತು ಕಣವ್ವ. ವಯಸ್ಸಾಯ್ತು, ಉದುರ್ತವೆ ಅಂದ್ಕಂಡೆ. ತುರ್ಕೆಗೆ ಅಂತ ಮೆಡಿಕಲ್ಲಿನೋನು ಆ ಮುಲಾಮು ಕೊಟ್ಟ. ಅಂಟ್ತದೆ ಅಂತ ನಂಗೆಲ್ಲಿ ಗೊತ್ತಿತ್ತು? ನಿನ್ ತಲೇಲಿ ನೋಡ್ದಾಗ ಎದೆ ಧಸಕ್ ಅಂತು. ಅದ್ಕೇ ಬಾಚೋದು ಬುಟ್ಟೆ.'

'ಅವತ್ತು ಹೇಳ್ಬೋದಿತ್ತಲ್ಲ ಅತ್ತೆ!'

'ಹೇಳಕ್ಕಾಗ್ಲಿಲ್ಲ. ನೀನು ಅಸಹ್ಯ ಅಂದ್ಯಲ್ಲ, ಆ ಮೊಕ ನೋಡಿ ತಡ್ಯಕ್ಕಾಗ್ದೆ ಮತ್ತೆ ಕೈ ಇಟ್ಟೆ.'

'ಈಗ್ಲೂ ಅವಳೇ ಬೇಕಾಯ್ತಲ್ಲ ನಿಮಗೆ' ಅಂದುಬಿಟ್ಟೆ. ತಡೆದುಕೊಳ್ಳಲು ಆಗಲಿಲ್ಲ.

ಅತ್ತೆ ನನ್ನ ಕಡೆ ತಿರುಗಿದರು. 'ಅವ್ಳು ನೋಡುದ್ರೆ ಏನವ್ವ? ಅವ್ಳಿಗೆ ನಾನೇನೂ ಮಾಡಿಲ್ಲ. ನಿನ್ ಮುಂದೆ ತಲೆ ಬಿಚ್ಚಕ್ಕೆ ನಂಗೆ ಮೊಕ ಇರ್ಲಿಲ್ಲ.'

ಸಿಗ್ನಲ್ ಬಿಟ್ಟಿತು. ಆಟೋದವನು ಸ್ವಲ್ಪ ಮುಂದೆ ಹೋಗಿ ಪಕ್ಕಕ್ಕೆ ಹಾಕಿದ. ನಾನು ಅವರ ಕೈ ಹಿಡಿದುಕೊಂಡೆ. ಕೋಪ ಇತ್ತು, ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೂ ಹಿಡಿದುಕೊಂಡೆ.

ಅತ್ತೆಗೂ ಅದೇ ಫಂಗಸ್ ಅಂತ ರಿಪೋರ್ಟ್ ಬಂತು. ಇಬ್ಬರಿಗೂ ಒಂದೇ ಮಾತ್ರೆ. ಜಿಡ್ಡಿನ ಊಟದ ಜೊತೆ ನುಂಗಿದರೆ ಚೆನ್ನಾಗಿ ಹಿಡಿಯುತ್ತದೆ ಅಂದಿದ್ದರು ಡಾಕ್ಟರಮ್ಮ. ಹಾಗಾಗಿ ರಾತ್ರಿ ಊಟಕ್ಕೆ ನಮ್ಮಿಬ್ಬರ ತಟ್ಟೆಗೆ ಮಾತ್ರ ಎರಡೆರಡು ಚಮಚ ತುಪ್ಪ. 'ನುಂಗುದ್ಯಾ?' ಅಂತ ಅವರು ಕೇಳುವುದು, 'ನೀವು?' ಅಂತ ನಾನು ಕೇಳುವುದು. ಹಳೆಯ ಬಾಚಣಿಗೆ ಎಸೆದು, ದಿಂಬಿನ ಚೀಲಗಳನ್ನು ಬಿಸಿನೀರಿನಲ್ಲಿ ಕುದಿಸಿದೆವು. ಮೂರನೇ ತಿಂಗಳ ಕೊನೆಗೆ ನನ್ನ ಕಿವಿಯ ಮೇಲೆ ಎಳೆಗರುವಿನ ಮೈಯಂಥ ನವಿರು ಕೂದಲು ಬಂತು. ಅತ್ತೆ ಬೆರಳಾಡಿಸಿ ನೋಡಿ, 'ಬಂದ್ಬುಡ್ತು ಕಣಮ್ಮ' ಅಂದರು. ಅವರ ತಲೆಯನ್ನು ಮಾತ್ರ ನನಗೆ ತೋರಿಸಲಿಲ್ಲ. ವಾರಕ್ಕೊಮ್ಮೆ ಅವರ ಕಲೆಗಳಿಗೆ ಶಾಂಪೂ ಹಾಕಿ ತೊಳೆಯುವುದು, ನೋಡುವುದು ಎಲ್ಲ ದೀಪಾಳದೇ, ಬಚ್ಚಲಮನೆಯ ಬಾಗಿಲು ಹಾಕಿಕೊಂಡು. ಈಗ ಇಬ್ಬರಿಗೂ ವಾಸಿಯಾಗಿದೆ.

ಮಾತ್ರೆ ಮುಗಿಯುತ್ತಾ ಬಂದಿದ್ದ ದಿನಗಳಲ್ಲಿ ಒಮ್ಮೆ ಅತ್ತೆ ಮಲಗಿದ ಮೇಲೆ ನಾನು, ದೀಪಾ ಪಾತ್ರೆ ತೊಳೆಯುತ್ತಿದ್ದೆವು. ನಮ್ಮಿಬ್ಬರ ತುಪ್ಪದ ತಟ್ಟೆಗಳನ್ನು ಉಜ್ಜುತ್ತಾ ಅವಳು ತಲೆ ಎತ್ತದೆ ಅಂದಳು: 'ನಂಗೂ ಬಂದಿದ್ರೆ ಚೆನ್ನಾಗಿತ್ತು ಅಕ್ಕ.'

'ಹುಚ್ಚೇನೇ ನಿಂಗೆ?'

'ಇಲ್ಲ. ಈಗ ಊಟಕ್ಕೆ ಕೂತ್ರೆ ನೀವಿಬ್ರೇ ಮಾತಾಡ್ಕೋತೀರ. ನಾನು ಬಡಿಸೋಳು, ಅಷ್ಟೇ.'

ಅಯ್ಯೋ ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಮೂರು ವರ್ಷದಲ್ಲಿ ಮೊದಲನೇ ಸಲ ಆ ಜಡೆ ನನಗೆ ಬರೀ ಕೂದಲಾಗಿ ಕಂಡಿತು, ಒಳಗೊಳಗೇ ಎಷ್ಟು ಖುಷಿಯಾಯಿತು ಅಂದರೆ ಅದನ್ನು ಮುಚ್ಚಿಡಲು ನಲ್ಲಿ ಜೋರಾಗಿ ತಿರುಗಿಸಿದೆ. ಆ ಧೈರ್ಯದಲ್ಲೇ ಕೇಳಿದೆ.

'ದೀಪಾ, ಅವತ್ತು ಒಳಗೆ ಅತ್ತೆ ತಲೆ ಹೇಗಿತ್ತೇ? ಅವರು ಏನಂದ್ರು?'

ಅವಳು ತಟ್ಟೆ ತೊಳೆದು, ಒರೆಸಿ, ಗೂಡಿನಲ್ಲಿಟ್ಟಳು. ಕೈ ಒರೆಸಿಕೊಂಡಳು.

'ಹೇಳಲ್ಲ ಅಕ್ಕ. ನೀವು ಅವರಿಗೆ ನಂಗಿಂತ ಹೆಚ್ಚು ಅಂತ ನಂಗೊತ್ತು. ಅದೊಂದು ನಂದಾಗಿರ್ಲಿ ಬಿಡಿ.'

ಲೈಟ್ ಆರಿಸಿ ತನ್ನ ಕೋಣೆಗೆ ಹೋದಳು. ನಾನು ಮತ್ತೆ ಯಾವತ್ತೂ ಕೇಳಲಿಲ್ಲ. ಕೇಳಬೇಕು ಅಂತ ದಿನಾ ಅನ್ನಿಸುತ್ತದೆ.